ಸೇಬಿನೊಳಗಿನ ನಕ್ಷತ್ರ: ಪೇಗನ್ ಮನೆಗಳಲ್ಲಿ ಮಕ್ಕಳ ಶರತ್ಕಾಲ

ಬ್ರಿಟನ್ ಮತ್ತು ಅಮೆರಿಕದ ಪೇಗನ್ ಮನೆಗಳಲ್ಲಿ ಶರತ್ಕಾಲ ಒಂದು ದಿನದ ಹಬ್ಬವಲ್ಲ. ಮೂರು ತಿಂಗಳ ಉದ್ದಕ್ಕೂ ಹರಡಿಕೊಂಡ ಮೂರು ಸುಗ್ಗಿಗಳು. ಆಗಸ್ಟ್ 1ರ ಲೂನಸಾ ಕಾಳಿನ ಸುಗ್ಗಿ. ಸೆಪ್ಟೆಂಬರ್ 22 ಅಥವಾ 23ರ ವಿಷುವ, ಅಂದರೆ ಹಗಲು ಇರುಳು ಹೆಚ್ಚುಕಡಿಮೆ ಸರಿದೂಗುವ ದಿನ, ಹಣ್ಣಿನ ಸುಗ್ಗಿ. ಅಕ್ಟೋಬರ್ 31ರ ಸಾವಿನ್ ಕೊನೆಯ ಸುಗ್ಗಿ ಮತ್ತು ಗತಿಸಿದವರನ್ನು ನೆನೆಯುವ ರಾತ್ರಿ. (ಸಾವಿನ್ ಐರಿಷ್ ಹೆಸರು, ಕನ್ನಡದ ಕಿವಿಗೆ ಏನೇ ಕೇಳಿಸಿದರೂ ನಮ್ಮ ಸಾವಿಗೂ ಅದಕ್ಕೂ ನಂಟಿಲ್ಲ.) ಈ ಮೂರರಲ್ಲಿ ನಡುವಿನದು, ಈಗ ಬಹುಪಾಲು ಮನೆಗಳಲ್ಲಿ ಮಾಬೊನ್ ಎಂದು ಕರೆಸಿಕೊಳ್ಳುವ ವಿಷುವದ ಹಬ್ಬ, ಮಕ್ಕಳ ಕೈಗೆ ಹೆಚ್ಚು ಕೆಲಸ ಕೊಡುತ್ತದೆ. ಈ ಆಚರಣೆಯ ಬಲವೂ ದೌರ್ಬಲ್ಯವೂ ಎದ್ದು ಕಾಣುವುದು ಇಲ್ಲಿಯೇ.

ಪೇಗನ್ ಎಂಬುದು ಒಂದೇ ಮತದ ಹೆಸರಲ್ಲ. ಪ್ರಕೃತಿಯನ್ನು ಪವಿತ್ರವೆಂದು ಕಾಣುವ, ದೇವಿಯನ್ನೋ ಹಲವು ದೇವತೆಗಳನ್ನೋ ಪೂಜಿಸುವ, ಕ್ರೈಸ್ತಪೂರ್ವ ಯುರೋಪಿನಿಂದ ಸ್ಫೂರ್ತಿ ಪಡೆದ ಆಧುನಿಕ ಪಂಥಗಳಿಗೆಲ್ಲ ಸೇರಿ ಇರುವ ಹೆಸರು. ಇಂಗ್ಲೆಂಡಿನಲ್ಲಿ ವಾಮಾಚಾರ ಕಾಯ್ದೆ 1951ರಲ್ಲಿ ರದ್ದಾಗಿ, ಇಂಥ ಪಂಥಗಳು ಬಹಿರಂಗವಾಗಲು ದಾರಿಯಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ತನ್ನ ಪುಸ್ತಕದ ಮೂಲಕ ವಿಕ್ಕಾ ಎಂಬ ಪೇಗನ್ ಪಂಥವನ್ನು ಜನರ ಮುಂದಿಟ್ಟ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು. ವಿಕ್ಕಾ ಎಂದು ಬರೆಸಿದವರು ಬೇರೆ ಸುಮಾರು 13,000. ಊರೂರಿಗೆ ಗುಡಿಯಿಲ್ಲ, ವಾರದ ಪೂಜೆಗೆ ಕರೆಯುವ ಗಂಟೆಯಿಲ್ಲ. ದೀಕ್ಷೆ ಕೊಡುವ ಗುಂಪುಗಳು ಸಾಮಾನ್ಯವಾಗಿ 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ಮಗುವಿನ ಪಾಲಿಗೆ ಈ ಧರ್ಮವೆಂದರೆ ಅಡುಗೆಮನೆ, ಹಿತ್ತಿಲು, ಮಲಗುವ ಹೊತ್ತಿನ ಕತೆ. ಅಲ್ಲಿ ನಡೆದದ್ದೇ ಹಬ್ಬ.

ಆ ಮನೆಯೊಳಗೆ ಮೊದಲು ಕಣ್ಣಿಗೆ ಬೀಳುವುದು ಋತುವಿನ ಮೇಜು. ಕಿಟಕಿಯ ಪಕ್ಕದ ಪುಟ್ಟ ಹಲಗೆಗೆ ಕಂದು ಅಥವಾ ಕಿತ್ತಳೆ ಬಣ್ಣದ ಬಟ್ಟೆ ಹಾಸಿ, ಮಕ್ಕಳು ದಾರಿಯಲ್ಲಿ ಆಯ್ದು ತಂದದ್ದನ್ನೆಲ್ಲ ಅದರ ಮೇಲೆ ಜೋಡಿಸುತ್ತಾರೆ: ಓಕ್ ಕಾಯಿ, ಮೇಪಲ್ ಎಲೆ, ಕಾಡುಗುಲಾಬಿಯ ಕೆಂಪು ಹಣ್ಣು, ಮುಳ್ಳಿನ ಸಿಪ್ಪೆಯಿಂದ ಆಗಷ್ಟೇ ಹೊರಬಂದು ಎಣ್ಣೆ ಹಚ್ಚಿದಂತೆ ಹೊಳೆಯುವ ಕಾಂಕರ್ ಎಂಬ ಬೀಜ. ಈ ಮೇಜು ಪೇಗನ್ನರ ಸ್ವಂತದ್ದಲ್ಲ. 1919ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಆರಂಭವಾದ ವಾಲ್ಡಾರ್ಫ್ ಶಾಲೆಗಳ ಪರಂಪರೆ ಅದನ್ನು ಬೆಳೆಸಿತು. ಆ ಶಾಲೆಗಳು ಇದೇ ಹೊತ್ತಿನಲ್ಲಿ ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬ ಮಾಡುತ್ತವೆ. ಎರವಲು ತಂದದ್ದು ಎಂಬುದರಿಂದ ಅದರ ಬೆಲೆ ಕುಂದುವುದಿಲ್ಲ. ಮೇಜು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ಒರೆಗಲ್ಲು ಸಾಕು: ಮಗು ಅದನ್ನು ಮುಟ್ಟಬಹುದೇ? ಓಕ್ ಕಾಯಿಗಳನ್ನು ಕೆಲವು ದಿನ ಹಾಗೇ ಬಿಟ್ಟರೆ ಒಂದೆರಡರಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಒಳಗಿನಿಂದ ಬಿಳಿಯ ಪುಟ್ಟ ಹುಳ ಮೈ ಹಿಂಡಿಕೊಂಡು ಹೊರಬರುತ್ತದೆ. ಮೂತಿಹುಳುವಿನ ಮರಿ ಅದು, ನೆಲ ಹೊಕ್ಕು ಚಳಿಗಾಲ ಕಳೆಯಲು ಹೊರಟಿರುತ್ತದೆ. ಹುಳ ಕಂಡೊಡನೆ ಮೇಜನ್ನು ಒರೆಸಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಎಲೆಗಳನ್ನು ಹರಡುವ ಮನೆಗಳೂ ಇವೆ. ಅಂಥ ಮನೆಯಲ್ಲಿ ಶರತ್ಕಾಲದ ಚಿತ್ರ ಇರುತ್ತದೆ, ಶರತ್ಕಾಲ ಇರುವುದಿಲ್ಲ. ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಮರದ ಬುಡದಲ್ಲಿ ಬಿಟ್ಟುಬರುವ ಮಗುವಿಗೆ ಬೇರೆ ಪಾಠ ಬೇಕಾಗಿಲ್ಲ.

ಹಬ್ಬದ ದಿನದ ಮುಖ್ಯ ಕ್ರಿಯೆ ಸೇಬು ಕತ್ತರಿಸುವುದು. ತೊಟ್ಟಿನಿಂದ ಕೆಳಕ್ಕೆ ಸೀಳದೆ ನಡುವಿಗೆ ಅಡ್ಡಲಾಗಿ ಕತ್ತರಿಸಿದರೆ ಬೀಜದ ಐದು ಗೂಡುಗಳು ಐದು ಮೂಲೆಯ ನಕ್ಷತ್ರವಾಗಿ ತೆರೆದುಕೊಳ್ಳುತ್ತವೆ. ಪೇಗನ್ನರಿಗೆ ಐದು ಮೂಲೆಯ ನಕ್ಷತ್ರ ಪವಿತ್ರ ಚಿಹ್ನೆ. ಬಹಳಷ್ಟು ಪಂಥಗಳಲ್ಲಿ ನೆಲ, ಗಾಳಿ, ಬೆಂಕಿ, ನೀರು, ಚೇತನ ಎಂದು ಅದರ ಮೂಲೆಗಳನ್ನು ಎಣಿಸುತ್ತಾರೆ. ಸಸ್ಯಶಾಸ್ತ್ರ ಹೇಳುವುದು ಇನ್ನೊಂದು ಸಂಗತಿ. ಸೇಬು ಗುಲಾಬಿಯ ಕುಟುಂಬದ ಗಿಡ. ಹೂವಿಗೆ ಐದು ಎಸಳು, ಒಳಗೆ ಐದು ಅಂಡಕೋಶದ ಭಾಗಗಳು, ಅದರಿಂದಲೇ ಹಣ್ಣಿನಲ್ಲಿ ಐದು ಗೂಡು. ವಸಂತದಲ್ಲಿ ಮಗು ನೋಡಿದ ಹೂವು ಸೆಪ್ಟೆಂಬರಿನ ಹಣ್ಣಿನೊಳಗೆ ಗುರುತು ಉಳಿಸಿಹೋಗಿದೆ. ಈ ಎರಡು ಮಾತುಗಳನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ತಾಯಿತಂದೆ ಈ ಹಬ್ಬವನ್ನು ಅದರ ಅತ್ಯುತ್ತಮ ರೂಪದಲ್ಲಿ ನಡೆಸುತ್ತಾರೆ. ಇಡೀ ಆಚರಣೆಯಲ್ಲಿ ಇದಕ್ಕಿಂತ ಸರಳವೂ ಸುಂದರವೂ ಆದ ಕ್ರಿಯೆ ಇನ್ನೊಂದಿಲ್ಲ. ಖರ್ಚು ಒಂದು ಸೇಬು, ಮತ್ತು ಅದನ್ನು ಕತ್ತರಿಸಿದವರೇ ತಿನ್ನುತ್ತಾರೆ.

ಆಕಾಶದ ಕಡೆಗೂ ಮಗುವನ್ನು ತಿರುಗಿಸಬಲ್ಲ ದಿನ ಇದು. ವಿಷುವದಂದು ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಆ ಹೊತ್ತಿನಲ್ಲಿ ಲಂಡನ್ನಿನ ಹಗಲು ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ನಿಮಿಷ ಕುಗ್ಗುತ್ತಿರುತ್ತದೆ. ಒಂದು ವಾರದಲ್ಲಿ ಸುಮಾರು ಅರ್ಧ ಗಂಟೆಯ ಬೆಳಕು ಹೋಗಿಬಿಡುತ್ತದೆ. ಶಾಲೆಯಿಂದ ಬಂದ ಮೇಲೆ ಆಡಲು ಸಿಗುವ ಬೆಳಕು ಕಡಿಮೆಯಾಯಿತೆಂದು ಮಗುವಿಗೇ ಗೊತ್ತಾಗುವ ಕಾಲವಿದು. ಹಬ್ಬದ ಕೈಪಿಡಿಗಳು ಮಾತ್ರ ಸಮತೋಲ ಎಂಬ ಪದವನ್ನೇ ಮತ್ತೆ ಮತ್ತೆ ತಿರುವುತ್ತವೆ. ಹಗಲು ಇರುಳು ಸಮವಾದ್ದರಿಂದ ಮನಸ್ಸೂ ಸಮವಾಗಿರಲಿ ಎಂಬ ಬೋಧನೆ ಏಳು ವರ್ಷದ ಮಗುವಿಗೆ ತಟ್ಟುವುದಿಲ್ಲ. ಲೆಕ್ಕವೂ ಅಷ್ಟು ನಯವಾಗಿಲ್ಲ. ಸೂರ್ಯನ ಬಿಂಬಕ್ಕೆ ಅಗಲವಿರುವುದರಿಂದ, ಗಾಳಿಯ ಪದರ ಬೆಳಕನ್ನು ಬಾಗಿಸುವುದರಿಂದ, ವಿಷುವದಂದು ಹಗಲು ಕೆಲವು ನಿಮಿಷ ಹೆಚ್ಚೇ ಇರುತ್ತದೆ. ನಿಜವಾಗಿ ಸಮವಾಗುವುದು ಎರಡು ಮೂರು ದಿನ ತಡವಾಗಿ. ಗೋಡೆಯ ಮೇಲೆ ನೆರಳಿನ ಗುರುತು ಹಾಕಿ, ಗಡಿಯಾರ ನೋಡಿ ಬರೆದಿಡುವ ಕೆಲಸ ಬೋಧನೆಗಿಂತ ಎಷ್ಟೋ ಮೇಲು.

ಈ ಹಬ್ಬ ಎಷ್ಟು ಹಳೆಯದು ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಚರಣೆ ಹೆಚ್ಚು ಎಡವುವುದು ಈ ಉತ್ತರದಲ್ಲಿ. ಸಾವಿನ್, ಇಂಬೊಲ್ಕ್, ಬೆಲ್ಟೇನ್, ಲೂನಸಾ ಈ ನಾಲ್ಕು ಹಬ್ಬಗಳ ಹೆಸರು ಮಧ್ಯಯುಗದ ಐರಿಷ್ ಬರಹಗಳಲ್ಲಿ ಸಿಗುತ್ತದೆ. ಶರತ್ಕಾಲದ ವಿಷುವಕ್ಕೆ ಅಂಥ ಆಧಾರ ಬ್ರಿಟನ್ನಿನಲ್ಲಿ ಸಿಕ್ಕಿಲ್ಲ. ಇತಿಹಾಸಕಾರ ರೊನಾಲ್ಡ್ ಹಟನ್ 1996ರ ‘ದಿ ಸ್ಟೇಷನ್ಸ್ ಆಫ್ ದಿ ಸನ್’ ಕೃತಿಯಲ್ಲಿ ಬ್ರಿಟನ್ನಿನ ವರ್ಷಚಕ್ರದ ಹಬ್ಬಗಳನ್ನೆಲ್ಲ ಹೀಗೆ ದಾಖಲೆಗಳ ಎದುರು ಇಟ್ಟು ನೋಡಿದ್ದಾರೆ. ಎಂಟನೇ ಶತಮಾನದ ಬೀಡ್ ಎಂಬ ಸನ್ಯಾಸಿ, ಆಂಗ್ಲೋ-ಸ್ಯಾಕ್ಸನ್ನರು ಸೆಪ್ಟೆಂಬರನ್ನು ಪವಿತ್ರ ಮಾಸ ಎಂದು ಕರೆಯುತ್ತಿದ್ದರು ಎಂದು ಬರೆದಿಟ್ಟಿದ್ದಾನೆ. ಆ ತಿಂಗಳು ಅವರು ಏನು ಮಾಡುತ್ತಿದ್ದರು ಎಂಬುದನ್ನು ಬರೆದಿಲ್ಲ. ನಾಲ್ಕು ಐರಿಷ್ ಹಬ್ಬ, ನಾಲ್ಕು ಸೌರ ದಿನ ಕೂಡಿಸಿ ಎಂಟು ಅರಗಳ ಚಕ್ರವಾದದ್ದು 1950ರ ದಶಕದಲ್ಲಿ, ಗಾರ್ಡ್ನರ್‌ನ ಗುಂಪು ಮತ್ತು ರಾಸ್ ನಿಕೋಲ್ಸ್‌ನಂಥ ಡ್ರೂಯಿಡ್ ಪಂಥದವರ ಕೈಯಲ್ಲಿ. ಮಾಬೊನ್ ಎಂಬ ಹೆಸರು ಅದಕ್ಕೂ ಈಚಿನದು: 1970ರ ದಶಕದಲ್ಲಿ ಅಮೆರಿಕದ ಏಡನ್ ಕೆಲ್ಲಿ ತನ್ನ ಪಂಚಾಂಗಕ್ಕಾಗಿ ಆರಿಸಿಕೊಂಡದ್ದು. ಡ್ರೂಯಿಡರು ಬಳಸುವ ಆಲ್ಬನ್ ಎಲ್ವೆಡ್ ಎಂಬ ಹೆಸರಿನ ಮೂಲ, ಹಳೆಯ ಹಸ್ತಪ್ರತಿಗಳೆಂದು ಹೇಳಿ ತಾನೇ ಬರೆದದ್ದನ್ನು ಹರಡಿದ ಹದಿನೆಂಟನೇ ಶತಮಾನದ ಯೋಲೋ ಮೊರ್ಗಾನುಗ್.

ಇದನ್ನು ಕೇಳಿ ಹಬ್ಬವೇ ಸುಳ್ಳು ಎನ್ನುವುದು ದುಡುಕು. ಇಂಗ್ಲೆಂಡಿನ ಶಾಲೆ ಮತ್ತು ಚರ್ಚುಗಳಲ್ಲಿ ಇಂದು ನಡೆಯುವ ಸುಗ್ಗಿಯ ಹಬ್ಬವೂ ಪುರಾತನವೆಂದು ತೋರುತ್ತದೆ. ಅದರ ಈಗಿನ ರೂಪಕ್ಕೆ ನಾಂದಿ ಹಾಡಿದವನು ಕಾರ್ನ್‌ವಾಲ್‌ನ ಮೊರ್ವೆನ್‌ಸ್ಟೋ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್, 1843ರಲ್ಲಿ. ಯಾವ ಹಬ್ಬವೂ ಒಂದು ಕಾಲಕ್ಕೆ ಹೊಸದೇ. ತಪ್ಪಿರುವುದು ಹೊಸತನದಲ್ಲಲ್ಲ, ಅದನ್ನು ಮುಚ್ಚಿಡುವುದರಲ್ಲಿ. ‘ಸಾವಿರಾರು ವರ್ಷಗಳಿಂದ ನಮ್ಮ ಪೂರ್ವಜರು ಹೀಗೆಯೇ ಮಾಡುತ್ತಿದ್ದರು’ ಎಂದು ಮಗುವಿಗೆ ಹೇಳಿದರೆ, ಹದಿನೈದರ ವಯಸ್ಸಿಗೆ ಅದು ಗ್ರಂಥಾಲಯಕ್ಕೆ ಹೋದ ದಿನ ಹಬ್ಬದ ಜೊತೆಗೆ ಹೆತ್ತವರ ಮಾತಿನ ಮೇಲಿನ ನಂಬಿಕೆಯೂ ಕಳಚಿಬೀಳುತ್ತದೆ. ‘ಅಜ್ಜಿ ಹುಡುಗಿಯಾಗಿದ್ದಾಗ ಕೆಲವರು ಸೇರಿ ಇದನ್ನು ಕಟ್ಟಿದರು, ನಮಗೂ ಇಷ್ಟವಾಯಿತು, ನಾವೂ ಮಾಡುತ್ತೇವೆ’ ಎಂದರೆ ಮಗು ಅದನ್ನು ಸಲೀಸಾಗಿ ಒಪ್ಪುತ್ತದೆ. ಮುಂದೆ ತಾನೂ ಒಂದು ಹೊಸ ಕ್ರಮ ಸೇರಿಸಬಹುದೆಂಬ ಧೈರ್ಯವೂ ಅದಕ್ಕೆ ಬರುತ್ತದೆ.

ಕೆಲ್ಲಿ ಆರಿಸಿದ ಹೆಸರಿನ ಹಿಂದೆ ಒಂದು ಅದ್ಭುತ ಕತೆಯಿದೆ. ವಿಚಿತ್ರವೆಂದರೆ ಎಷ್ಟೋ ಮನೆಗಳಲ್ಲಿ ಹೆಸರು ಉಳಿದಿದೆ, ಕತೆ ಬಿಟ್ಟುಹೋಗಿದೆ. ವೇಲ್ಸ್‌ನ ಮಧ್ಯಯುಗದ ‘ಕಿಲ್ಹೂಖ್ ಮತ್ತು ಓಲ್ವೆನ್’ ಕಥೆಯಲ್ಲಿ ಮಾಬೊನ್ ಹುಟ್ಟಿ ಮೂರು ರಾತ್ರಿಯಾಗಿರುವಾಗಲೇ ತಾಯಿ ಮೋಡ್ರೊನ್‌ಳ ಮಗ್ಗುಲಿನಿಂದ ಕಾಣೆಯಾಗುತ್ತಾನೆ. ಅವನನ್ನು ಹುಡುಕುತ್ತ ದೊರೆ ಆರ್ಥರನ ಕಡೆಯವರು ಲೋಕದ ಅತಿ ಹಿರಿಯ ಪ್ರಾಣಿಗಳನ್ನು ಒಂದೊಂದಾಗಿ ಕಂಡು ಕೇಳುತ್ತಾರೆ. ಕಪ್ಪುಹಕ್ಕಿ ಹೇಳುತ್ತದೆ: ತಾನು ಮರಿಯಾಗಿದ್ದಾಗ ಇಲ್ಲೊಂದು ಕಮ್ಮಾರನ ಅಡಿಗಲ್ಲು ಇತ್ತು, ದಿನಾ ಸಂಜೆ ಅದಕ್ಕೆ ಕೊಕ್ಕು ತೀಡಿ ತೀಡಿ ಈಗ ಅಡಕೆಯಷ್ಟು ಉಳಿದಿದೆ, ಆದರೂ ಮಾಬೊನ್‌ನ ಸುದ್ದಿ ಕೇಳಿಲ್ಲ. ಅದಕ್ಕಿಂತ ಹಿರಿಯ ಸಾರಂಗದ ಎದುರು ಓಕ್ ಸಸಿಯೊಂದು ನೂರು ಕೊಂಬೆಯ ಮರವಾಗಿ, ಬಿದ್ದು, ಕೆಂಪು ಬೊಡ್ಡೆಯಾಗಿದೆ. ಗೂಬೆ ಒಂದೇ ಕಣಿವೆಯಲ್ಲಿ ಕಾಡು ಅಳಿದು ಮತ್ತೆ ಬೆಳೆದದ್ದನ್ನು ಕಂಡಿದೆ. ಹದ್ದು ಕೂತು ನಕ್ಷತ್ರ ಕುಕ್ಕುತ್ತಿದ್ದ ಬಂಡೆ ಗೇಣುದ್ದಕ್ಕೆ ಸವೆದಿದೆ. ಕೊನೆಗೆ ಸಾಲ್ಮನ್ ಮೀನು ಗ್ಲೌಸ್ಟರ್‌ನ ಗೋಡೆಯ ಬಳಿ ತಾನು ಕಂಡ ಅನ್ಯಾಯವನ್ನು ನೆನೆದು, ಯೋಧರನ್ನು ಹೆಗಲ ಮೇಲೆ ಹೊತ್ತು ಒಯ್ಯುತ್ತದೆ.

ಈ ಕತೆಯಲ್ಲಿ ಸುಗ್ಗಿಯಿಲ್ಲ, ವಿಷುವವಿಲ್ಲ. ಕೆಲ್ಲಿಗೆ ಬೇಕಾಗಿದ್ದದ್ದು ಗ್ರೀಕರ ಪರ್ಸೆಫನಿಯಂತೆ ಕಳೆದುಹೋದ ಮಗುವಿನ ಕತೆ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಆದರೂ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಶರತ್ಕಾಲದ ಕತೆ ಸಿಗುವುದು ಕಷ್ಟ. ಕೊಕ್ಕು ತೀಡಿ ತೀಡಿ ಕಬ್ಬಿಣ ಸವೆದು ಅಡಕೆಯಾಗುವಷ್ಟು ಕಾಲ ಎಂಬ ಮಾತನ್ನು ಮಗು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಕೇಳಿದ ಪ್ರಶ್ನೆಯೇ ಮತ್ತೆ ಮತ್ತೆ ಬರುವುದರಿಂದ ಮೂರನೇ ಪ್ರಾಣಿಯ ಹೊತ್ತಿಗೆ ಮಕ್ಕಳೇ ಕತೆಯನ್ನು ಮುಂದೆ ತಳ್ಳುತ್ತಾರೆ. ಹೆಸರು ಇಟ್ಟುಕೊಂಡವರು ಕತೆಯನ್ನೂ ಹೇಳಬೇಕು.

ಪರ್ಸೆಫನಿಯ ಕತೆಯ ತೊಡಕು ಬೇರೆ ಬಗೆಯದು. ಹೂ ಬಿಡಿಸುತ್ತಿದ್ದ ಹುಡುಗಿಯನ್ನು ಪಾತಾಳದ ದೊರೆ ಹೊತ್ತೊಯ್ಯುತ್ತಾನೆ, ತಾಯಿ ಡಿಮೀಟರ್ ದುಃಖದಿಂದ, ಸಿಟ್ಟಿನಿಂದ ಭೂಮಿಯ ಬೆಳೆಯನ್ನೇ ತಡೆಯುತ್ತಾಳೆ, ದಾಳಿಂಬೆಯ ಬೀಜ ತಿಂದದ್ದರಿಂದ ಮಗಳು ವರ್ಷದ ಮೂರನೇ ಒಂದು ಭಾಗ ಕೆಳಗೇ ಇರಬೇಕಾಗುತ್ತದೆ. ಪುಟ್ಟ ಮಕ್ಕಳಿಗೆ ಅಪಹರಣದ ಕತೆ ಹೇಳುವುದು ಹೇಗೆ? ಶಾರ್ಲೀನ್ ಸ್ಪ್ರೆಟ್ನಾಕ್ 1978ರ ತನ್ನ ಪುಸ್ತಕದಲ್ಲಿ ಪರ್ಸೆಫನಿ ಸತ್ತವರ ಮೇಲಿನ ಕರುಣೆಯಿಂದ ತಾನಾಗಿ ಇಳಿದು ಹೋಗುವಂತೆ ಕತೆಯನ್ನು ತಿರುಗಿಸಿದಳು. ಪೇಗನ್ ವಲಯದಲ್ಲಿ ಈ ರೂಪ ಬಹಳ ಹರಡಿದೆ. ಉದ್ದೇಶ ಒಳ್ಳೆಯದು. ಕತೆ ಮಾತ್ರ ಸೊರಗಿದೆ. ಮಗಳು ಸಂತೋಷದಿಂದ ಹೋದರೆ ತಾಯಿಯ ಸಿಟ್ಟಿಗೆ ಕಾರಣವೇ ಉಳಿಯುವುದಿಲ್ಲ; ಆ ಸಿಟ್ಟಿಲ್ಲದೆ ಭೂಮಿ ಬರಡಾಗುವುದೇಕೆ? ಮಕ್ಕಳು ಈ ಬಿರುಕನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಹತ್ತು ವರ್ಷ ದಾಟಿದ ಮೇಲೆ ಮೂಲ ಕತೆಯನ್ನೇ ಹೇಳಿ, ಅನ್ಯಾಯವನ್ನು ಅನ್ಯಾಯವೆಂದು ಕರೆಯುವುದೇ ಸರಿಯಾದ ದಾರಿ. ಅದಕ್ಕೂ ಚಿಕ್ಕವರಿಗೆ ದಾಳಿಂಬೆಯನ್ನು ಬಿಡಿಸಿ ತಿನ್ನುವ ಸುಖವೇ ಸಾಕು.

ಮನೆಯವರಿಗೆ ನೆರವಾಗಲೆಂದು ಬಂದ ಪುಸ್ತಕಗಳಲ್ಲಿ ಎರಡನ್ನು ಹೆಸರಿಸಬೇಕು. ಕೇಸಿಯುರ್ ಸೆರಿತ್ ಬರೆದ ‘ದಿ ಪೇಗನ್ ಫ್ಯಾಮಿಲಿ’ (1994) ಹೊಸ್ತಿಲು, ಒಲೆ, ಊಟ, ಹುಟ್ಟುಸಾವುಗಳ ಸುತ್ತ ಮನೆಯ ಧರ್ಮವನ್ನು ಕಟ್ಟಿಕೊಡುತ್ತದೆ. ಸ್ಟಾರ್‌ಹಾಕ್, ಡಯಾನ್ ಬೇಕರ್, ಆನ್ ಹಿಲ್ ಮೂವರೂ ಸೇರಿ ಬರೆದ ‘ಸರ್ಕಲ್ ರೌಂಡ್’ (1998) ಹಬ್ಬದಿಂದ ಹಬ್ಬಕ್ಕೆ ಕತೆ, ಹಾಡು, ಅಡುಗೆ, ಕೈಕೆಲಸ ಜೋಡಿಸುತ್ತದೆ. ಎರಡನೆಯದು ಹೆಚ್ಚು ಉದಾರವಾದ ಪುಸ್ತಕ. ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದನ್ನು ಬಿಡುವ ಅವಕಾಶ ಕೊಡುತ್ತದೆ. ಆದರೆ ಅದರ ಹಿಂದಿನ ಬಳಗ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ಸೆಪ್ಟೆಂಬರ್ ಎಂದರೆ ವರ್ಷದ ಅತಿ ಬೆಚ್ಚಗಿನ ತಿಂಗಳು. ಗುಡ್ಡಗಳು ಒಣಗಿ ಹಳದಿಯಾಗಿ ಮೊದಲ ಮಳೆಗೆ ಕಾಯುತ್ತಿರುತ್ತವೆ. ಇಂಗ್ಲೆಂಡಿನ ಮಂಜು, ಕೆಂಪೆಲೆ, ಗೋಧಿಯ ಸಿವುಡುಗಳ ಚಿತ್ರವನ್ನು ಅಲ್ಲಿನ ಮನೆಯೊಳಗೆ ಅಂಟಿಸಿದರೆ, ಭೂಮಿಗೆ ಹತ್ತಿರವಾಗಬೇಕಿದ್ದ ಹಬ್ಬ ಕಾಲಡಿಯ ಭೂಮಿಯಿಂದಲೇ ಮಗುವನ್ನು ದೂರ ಮಾಡುತ್ತದೆ.

ಇಂಗ್ಲೆಂಡಿನ ಒಳಗೂ ಈ ಅಂತರ ಇದೆ. ತೆನೆಯ ಬೊಂಬೆ ಕಟ್ಟುವುದು ಮಾಬೊನ್ ದಿನದ ಅಚ್ಚುಮೆಚ್ಚಿನ ಕೈಕೆಲಸ. ಹಿಂದೆ ಕಟಾವಿನ ಕೊನೆಯ ಹಿಡಿಯನ್ನು ಹೆಣೆದು ಮನೆಗೆ ತರುತ್ತಿದ್ದರು. ಕಾರ್ನ್‌ವಾಲ್‌ನಲ್ಲಿ ಕೊನೆಯ ಹಿಡಿಯನ್ನು ಎತ್ತಿ ಕೂಗುವ ಪದ್ಧತಿಯನ್ನು ಸ್ಥಳೀಯ ಸಂಘಗಳು ಇಂದಿಗೂ ನಡೆಸುತ್ತವೆ. ಧಾನ್ಯದ ಚೇತನ ಆ ತೆನೆಯಲ್ಲಿ ಅಡಗಿರುತ್ತದೆ ಎಂಬ ವಿವರಣೆಯನ್ನು ಜನಪ್ರಿಯಗೊಳಿಸಿದ್ದು 1890ರಲ್ಲಿ ಮೊದಲು ಅಚ್ಚಾದ ಜೇಮ್ಸ್ ಫ್ರೇಜರ್‌ನ ‘ದಿ ಗೋಲ್ಡನ್ ಬೌ’. ಕಟಾವು ಮಾಡುತ್ತಿದ್ದ ಕೂಲಿಯವರು ಹಾಗೆಯೇ ನಂಬಿದ್ದರೆಂದು ಅದರಿಂದ ಹೇಳಲಾಗದು. ಇಂದಿನ ಗೋಧಿ ಗಿಡ್ಡ ತಳಿಯದು, ಯಂತ್ರದಲ್ಲಿ ಕೊಯ್ದದ್ದು. ಅದರ ಹುಲ್ಲು ಹೆಣೆಯಲು ಬಾರದು. ಬೊಂಬೆಗೆ ಬೇಕಾದ ಟೊಳ್ಳು, ಉದ್ದನೆಯ ಹುಲ್ಲಿಗಾಗಿ ಮಾರಿಸ್ ವಿಜನ್‌ನಂಥ ಹಳೆಯ ತಳಿಯನ್ನು ಕೆಲವರು ಬೇರೆಯಾಗಿ ಬೆಳೆಯುತ್ತಾರೆ. ಹುಲ್ಲನ್ನು ನೀರಲ್ಲಿ ನೆನೆಸಿ ಮೆದುವಾದ ಮೇಲೆ ಐದು ಎಳೆ ಹಿಡಿದು ಒಂದರ ಮೇಲೊಂದು ಮಡಚುತ್ತ ಹೋಗಬೇಕು. ಆತುರಪಟ್ಟರೆ ಎಳೆ ಮುರಿಯುತ್ತದೆ. ಎಂಟು ವರ್ಷದ ಬೆರಳುಗಳಿಗೆ ಇದು ಒಂದು ಸಂಜೆಯ ಪೂರ್ತಿ ಕೆಲಸ, ಮತ್ತು ಒಳ್ಳೆಯ ಕೆಲಸ. ಊರಾಚೆಯ ಹೊಲದಲ್ಲಿ ಈಗ ಗೋಧಿ ಯಾಕೆ ಇಷ್ಟು ಗಿಡ್ಡ ಎಂಬ ಪ್ರಶ್ನೆಯೂ ಅದರ ಜೊತೆಗೇ ಬರಲಿ.

ಹಂಚಿ ತಿನ್ನುವ ವಿಷಯದಲ್ಲಿ ಪೇಗನ್ ಮನೆಗಳು ಶಾಲೆಯಿಂದ ಕಲಿಯಬೇಕಾದದ್ದು ಇದೆ. ಇಂಗ್ಲೆಂಡಿನ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಸುಗ್ಗಿಯ ಹಬ್ಬಕ್ಕೆ ಮಕ್ಕಳು ಬೇಳೆ, ಪಾಸ್ತಾ, ಡಬ್ಬಿಯ ತರಕಾರಿ ಒಯ್ಯುತ್ತಾರೆ. ಅದೆಲ್ಲ ಹಸಿದವರಿಗೆ ಊಟ ಒದಗಿಸುವ ಫುಡ್ ಬ್ಯಾಂಕುಗಳಿಗೆ ಹೋಗುತ್ತದೆ. ಮನೆಯ ಹಬ್ಬದಲ್ಲಿ ಕೃತಜ್ಞತೆಯ ಮಾತು ಧಾರಾಳವಾಗಿರುತ್ತದೆ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ವಿಷಯಕ್ಕೆ ಧನ್ಯವಾದ ಹೇಳುತ್ತಾರೆ, ಬ್ರೆಡ್ಡಿನ ಒಂದು ತುಣುಕನ್ನು ಮರದ ಬುಡದಲ್ಲಿ ದೇವತೆಗೆಂದು ಇಡುತ್ತಾರೆ. ನೆರೆಮನೆಗೆ ಒಂದು ಬಟ್ಟಲು ಬ್ಲ್ಯಾಕ್‌ಬೆರಿ ಕಳಿಸುವ ಕ್ರಮ ಇದ್ದರೆ ಹಬ್ಬ ಪೂರ್ಣವಾಗುತ್ತದೆ. ಇಲ್ಲದಿದ್ದರೆ ಅದು ಒಂದು ಮನೆಯವರು ತಮ್ಮನ್ನೇ ತಾವು ಸಂತೈಸಿಕೊಂಡಂತೆ.

ಅಕ್ಟೋಬರ್ ಕೊನೆಗೆ ಬರುವ ಸಾವಿನ್ ಈ ಸಾಲಿನ ಅತಿ ಗಟ್ಟಿಯಾದ ಹಬ್ಬ. ಅದೇ ರಾತ್ರಿ ಬೀದಿಯಲ್ಲಿ ಹ್ಯಾಲೋವೀನ್‌ನ ಮಿಠಾಯಿ, ವೇಷ. ಪೇಗನ್ ಮಗು ಸಾಮಾನ್ಯವಾಗಿ ಎರಡನ್ನೂ ಮಾಡುತ್ತದೆ: ಮೊದಲು ಬೀದಿ, ಆಮೇಲೆ ಮನೆ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಹಿಂದೆ ದೀಪ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯಲ್ಲಿ. ಕುಂಬಳಕಾಯಿಯ ದೀಪ ಅಲ್ಲಿನವರು ಅಮೆರಿಕಕ್ಕೆ ಹೋದ ಮೇಲಿನದು. ಮನೆಯೊಳಗೆ ಆ ರಾತ್ರಿ ಊಟದ ಮೇಜಿನಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಅದರ ಪಕ್ಕ ಅಜ್ಜಿಯ ಓದುಕನ್ನಡಕ, ಕಳೆದ ವರ್ಷ ಸತ್ತ ಬೆಕ್ಕಿನ ಕೊರಳಪಟ್ಟಿ, ಒಂದು ಮೇಣದ ಬತ್ತಿ. ಮಗು ಬೆಕ್ಕಿನ ಹೆಸರು ಹೇಳುತ್ತದೆ, ಅಮ್ಮ ತನ್ನ ತಾಯಿಯ ಹೆಸರು ಹೇಳುತ್ತಾಳೆ. ಎರಡಕ್ಕೂ ಒಂದೇ ತೂಕ. ಮಕ್ಕಳೆದುರು ಸಾವಿನ ಮಾತನ್ನು ತೇಲಿಸಿಬಿಡುವ ಈ ಕಾಲದಲ್ಲಿ, ಸತ್ತವರನ್ನು ವರ್ಷಕ್ಕೊಮ್ಮೆ ಹೆಸರು ಹಿಡಿದು ಕರೆಯಲು ಮಗುವಿಗೆ ಅವಕಾಶ ಕೊಡುವುದು ದೊಡ್ಡ ಕೊಡುಗೆ. ಬೀಡ್ ಹೇಳುವಂತೆ ಆಂಗ್ಲೋ-ಸ್ಯಾಕ್ಸನ್ನರ ನವೆಂಬರಿನ ಹೆಸರಿನಲ್ಲೇ ದನಗಳ ಬಲಿ ಇತ್ತು. ಇಂದಿನ ಕೈಪಿಡಿಗಳು ಈ ರಕ್ತದ ಪಾಲನ್ನು ಬಹುತೇಕ ಅಳಿಸಿವೆ. ಮಾಂಸ ತಿನ್ನುವ ಮನೆಯಾದರೆ ಅದು ಎಲ್ಲಿಂದ ಬಂತು ಎಂದು ಹೇಳಲು ಇದಕ್ಕಿಂತ ತಕ್ಕ ದಿನ ಇಲ್ಲ.

ಮಕ್ಕಳನ್ನು ಈ ಧರ್ಮದಲ್ಲಿ ಬೆಳೆಸಬೇಕೇ ಎಂಬ ಅಳುಕು ಪೇಗನ್ ಹೆತ್ತವರಲ್ಲೇ ಇದೆ, ಏಕೆಂದರೆ ಅವರಲ್ಲಿ ಬಹುಪಾಲು ಜನ ದೊಡ್ಡವರಾದ ಮೇಲೆ ತಾವಾಗಿ ಆರಿಸಿಕೊಂಡು ಬಂದವರು. ಹೊರಗಿನ ಭಯವೂ ಇತ್ತು. ಅಮೆರಿಕದ ಇಂಡಿಯಾನಾದಲ್ಲಿ ವಿಕ್ಕಾ ಅನುಯಾಯಿಗಳಾದ ದಂಪತಿಯ ವಿಚ್ಛೇದನದ ಆದೇಶದಲ್ಲಿ ನ್ಯಾಯಾಲಯವೊಂದು, ಮುಖ್ಯವಾಹಿನಿಯಲ್ಲದ ನಂಬಿಕೆ ಆಚರಣೆಗಳಿಂದ ಮಗನನ್ನು ದೂರವಿಡಬೇಕೆಂದು ಬರೆಯಿತು. ತಾಯಿತಂದೆ ಇಬ್ಬರಿಗೂ ಅದು ಬೇಕಿರಲಿಲ್ಲ. ರಾಜ್ಯದ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಸೇಬು, ತೆನೆ, ಎಲೆಗಳ ಹಬ್ಬ ಈ ಅಳುಕಿಗೆ ಸಿಕ್ಕ ಉತ್ತರವೂ ಹೌದು. ಇಲ್ಲಿ ಮಗು ಯಾವ ದೇವರ ಮೇಲೂ ಆಣೆ ಇಡಬೇಕಾಗಿಲ್ಲ, ಮುಂದೆ ಬಿಟ್ಟುಹೋದರೆ ಯಾರಿಗೂ ದ್ರೋಹವಾಗುವುದಿಲ್ಲ. ಒಟ್ಟಾರೆ ನೋಡಿದರೆ ಇದು ಉಳಿಸಿಕೊಳ್ಳಬೇಕಾದ ಆಚರಣೆ: ತನ್ನ ವಯಸ್ಸಿನ ಬಗ್ಗೆ ಸುಳ್ಳು ಹೇಳದಿದ್ದರೆ, ಅಂಗಡಿಯ ಅಲಂಕಾರಕ್ಕೆ ಸೋಲದಿದ್ದರೆ.

ಈ ಆಚರಣೆಗೆ ಒಳ್ಳೆಯ ಪರೀಕ್ಷೆ ನಡೆಯುವುದು ಆಸ್ಟ್ರೇಲಿಯಾದಲ್ಲಿ. ದಕ್ಷಿಣ ಗೋಳಾರ್ಧದ ಶರತ್ಕಾಲದ ವಿಷುವ ಮಾರ್ಚ್ 20 ಅಥವಾ 21ಕ್ಕೆ ಬರುತ್ತದೆ. ಪುಸ್ತಕಗಳೆಲ್ಲ ಸೆಪ್ಟೆಂಬರ್ ಎನ್ನುತ್ತವೆ, ಅಂಗಡಿಗಳಲ್ಲಿ ಮಾರ್ಚ್ ಹೊತ್ತಿಗೆ ವಸಂತದ ಈಸ್ಟರ್ ಮೊಟ್ಟೆಗಳು ತುಂಬಿರುತ್ತವೆ. ಅಲ್ಲಿನ ಬಹಳಷ್ಟು ಪೇಗನ್ ಮನೆಗಳು ಪುಸ್ತಕವನ್ನು ಬದಿಗಿಟ್ಟು, ಚಕ್ರವನ್ನು ಆರು ತಿಂಗಳು ತಿರುಗಿಸಿ, ಮಾರ್ಚ್‌ನಲ್ಲೇ ಮಕ್ಕಳ ಮುಂದೆ ಸೇಬನ್ನು ಅಡ್ಡಲಾಗಿ ಕತ್ತರಿಸುತ್ತವೆ. ವಿಕ್ಟೋರಿಯಾದ ತೋಟಗಳಲ್ಲಿ ಸೇಬಿನ ಕೊಯ್ಲು ನಡೆಯುವುದೂ ಆಗಲೇ.